ಒಂದು ತಾಸು ಹತ್ತು ನಿಮಿಷದ ಗಿಣ್ಣ

ಅಪ್ಪ ಗಿಣ್ಣ ತಿನ್ನುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ, ಕೆಲವರಿಗೆ ಮೂಲಂಗಿ. ಅಪ್ಪನಿಗೆ ಗಿಣ್ಣ ಆಗಿಬರುವುದಿಲ್ಲ ಎಂದು ನಾವು ತಿಳಿದುಕೊಂಡಿದ್ದೆವು. ಆಕಳು ಈದ ಮರುದಿನ ಹೊಸ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣ ತಾಟಿನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ನಾವು ಮಕ್ಕಳು ತುಂಡಿಗಾಗಿ ಜಗಳಾಡುತ್ತಿದ್ದೆವು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು, ನಮ್ಮೂರು ತುರೋರಿಯ ಹೆದ್ದಾರಿಯ ಕಡೆ ಲಾರಿ ನೋಡಲು ಹೊರಟುಬಿಡುತ್ತಿದ್ದ. ನಿಜವಾದ ಕಾರಣವನ್ನು ಅವನು ನನಗೆ ಹೇಳಿದ್ದು ಎಂಬತ್ತರ ಹತ್ತಿರ ಬಂದ ಮೇಲೆ, ಅದೂ ಕೊಟ್ಟಿಗೆಯಲ್ಲಿ ನಿಂತು. ನನಗಾಗಲೇ ಐವತ್ತು ದಾಟಿತ್ತು. ಕೇಳಿ ಮೊದಲು ಬಂದದ್ದು ಸಿಟ್ಟು. ಅಳು ಬಂದದ್ದು ಆಮೇಲೆ.

ನಮ್ಮ ಮನೆಯದೊಂದು ಪದ್ಧತಿ ಇದೆ. ಆಕಳು ಈದರೆ ಕರು ಕುಡಿದು ಉಳಿದ ಮೊದಲ ಹಾಲು, ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳದ್ದು. ಅವರ ಪಾಲು ಅವರಿಗೆ ಮುಟ್ಟುವ ತನಕ ಮನೆಯವರು ಯಾರೂ ಬಾಯಿಗೆ ಹಾಕುವಂತಿಲ್ಲ. ಕಾಯಿಸಿ ಕಳಿಸುವಂತೆಯೂ ಇಲ್ಲ. ಹಸಿ ಹಾಲೇ ಹೋಗಬೇಕು, ಮಗಳು ಅದನ್ನು ತನ್ನ ಒಲೆಯ ಮೇಲೆ ಕಾಯಿಸಿ ಗಂಡನ ಮನೆಯವರಿಗೆಲ್ಲ ಹಂಚಬೇಕು. ತವರಿನ ಆಕಳ ಹಾಲು ತನ್ನ ಒಲೆಗೆ ಬಂತು ಅನ್ನುವುದು ಆ ದಿನ ಆ ಹೆಣ್ಣುಮಗಳ ಮಾನ. ನಾನು ಉದಗೀರಕ್ಕೆ ಮದುವೆಯಾಗಿ ಹೋದಮೇಲೆ ನನಗೂ ಅಣ್ಣ ಒಂದು ವರ್ಷವೂ ತಪ್ಪಿಸಿಲ್ಲ. ನಿಲಂಗಾ, ದೇವಣಿ ದಾಟಿ ಬಸ್ಸಿನಲ್ಲಿ ಮೂರು ತಾಸಿಗೂ ಮೇಲೆ ಕಿಟ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದ. ಕಿಟ್ಲಿ ಅಂದರೆ ಹಿಡಿಕೆ ಇರುವ ಸ್ಟೀಲಿನ ಹಾಲಿನ ಡಬ್ಬಿ. ನಮ್ಮ ಅತ್ತೆಮಾವಂದಿರು ಅದನ್ನು ನೋಡಿದ ಕೂಡಲೇ ನನ್ನ ಬಗ್ಗೆ ಎರಡು ದಿನ ಒಳ್ಳೆಯ ಮಾತಾಡುತ್ತಿದ್ದರು.

ಅಪ್ಪನಿಗೆ ಒಬ್ಬಳೇ ಅಕ್ಕ, ನನ್ನ ಸೋದರತ್ತೆ. ಅವಳನ್ನು ನಿಲಂಗಾಕ್ಕೆ ಕೊಟ್ಟಿದ್ದರು. ಮದುವೆಯಾದ ವರ್ಷವೇ ಆಕಳು ಈದಿತು. ಆಗ ಅಪ್ಪನಿಗೆ ಇಪ್ಪತ್ತರ ಆಸುಪಾಸು. ಅಜ್ಜಿ ಹಿತ್ತಾಳೆಯ ತಂಬಿಗೆಯಲ್ಲಿ ಹಾಲು ತುಂಬಿ, ಬಾಯಿಗೆ ಮುತ್ತುಗದ ಎಲೆ ಕಟ್ಟಿ, ಒದ್ದೆ ಬಟ್ಟೆ ಸುತ್ತಿ ಅವನನ್ನು ಬಸ್ಸು ಹತ್ತಿಸಿದಳು. ನಮ್ಮೂರಿಂದ ನಿಲಂಗಾಕ್ಕೆ ಹೆಚ್ಚೆಂದರೆ ಐವತ್ತು ಕಿಲೋಮೀಟರು. ನಡುವೆ ಕಾಸಾರ ಶಿರಸಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅಲ್ಲಿ ಯಾರೋ ಒಬ್ಬ ಒಂದು ಜೋಡಿ ದೇವಣಿ ತಳಿಯ ಎತ್ತುಗಳನ್ನು ಹಿಡಿದುಕೊಂಡು ನಿಂತಿದ್ದ. ಎತ್ತು ಕಂಡರೆ ಅಪ್ಪನಿಗೆ ಈಗಲೂ ಕಾಲು ನಿಲ್ಲುವುದಿಲ್ಲ. ಹಲ್ಲು ನೋಡಿದ, ಗೊರಸು ನೋಡಿದ, ಅವನ ಜೊತೆ ನಾಲ್ಕು ಮಾತು ಆಡಿದ. ತಿರುಗಿ ನೋಡಿದರೆ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರಿತ್ತು. ತಂಬಿಗೆಯ ಎಲೆ ಬಿಚ್ಚಿ ಮೂಸಿದರೆ ವಾಸನೆ ತಿರುಗಿತ್ತು. ಕೆಟ್ಟ ಹಾಲು ಹಿಡಿದುಕೊಂಡು ಅಕ್ಕನ ಅತ್ತೆಯ ಎದುರು ಹೇಗೆ ನಿಲ್ಲುವುದು? ಬೇವಿನ ಮರದ ಬುಡಕ್ಕೆ ಸುರಿದು, ತಂಬಿಗೆ ತೊಳೆದು, ವಾಪಸು ಬರುವ ಬಸ್ಸು ಹತ್ತಿದ. ಮನೆಯಲ್ಲಿ ಮುಟ್ಟಿಸಿದೆ ಎಂದ.

ಅತ್ತ ನಿಲಂಗಾದಲ್ಲಿ ಸೋದರತ್ತೆ, ಬೆಳಗಿನ ಬಸ್ಸಿನವರಿಂದ ಸುದ್ದಿ ತಿಳಿದು, ಬೆಲ್ಲ ಕುಟ್ಟಿ ಇಟ್ಟು, ನೆರೆಮನೆಯವರಿಗೆ ಸಂಜೆ ಬನ್ನಿ ಎಂದು ಹೇಳಿ ಬಾಗಿಲಲ್ಲಿ ಕೂತಿದ್ದಳಂತೆ. ದೀಪ ಹಚ್ಚುವ ಹೊತ್ತಾದರೂ ತವರಿನಿಂದ ಯಾರೂ ಬರಲಿಲ್ಲ. ನಿಮ್ಮ ಆಕಳು ಈ ಸಲ ಬರೀ ಸಗಣಿ ಕೊಟ್ಟಿತೇನು ಎಂದು ಅವಳ ಅತ್ತೆ ಎಲ್ಲರೆದುರು ಅಂದಳಂತೆ. ಇದೆಲ್ಲ ಆಮೇಲೆ ಯಾರಿಂದಲೋ ಅಪ್ಪನ ಕಿವಿಗೆ ಬಿತ್ತು. ನಾಗಪಂಚಮಿಗೆ ಅವಳು ತವರಿಗೆ ಬಂದಾಗ ಅಜ್ಜಿ, ಗಿಣ್ಣ ಹೆಂಗಾಗಿತ್ತವ್ವಾ ಎಂದು ಕೇಳಿದಳು. ಸೋದರತ್ತೆ ಒಮ್ಮೆ ತಮ್ಮನ ಮುಖ ನೋಡಿದಳು. "ಛಲೋ ಆಗಿತ್ತವ್ವಾ" ಎಂದಳು. ಅಷ್ಟೇ. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಆಕಳು ಮುಂದಿನ ಸಲ ಈಯುವ ಮೊದಲೇ ಅವಳ ಗಂಡನಿಗೆ ದಕ್ಷಿಣಕ್ಕೆ ವರ್ಗವಾಯಿತು. ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಕೊನೆಗೆ ಬೆಂಗಳೂರಿಗೆ. ಹಸಿ ಹಾಲು ಮುಟ್ಟುವ ದೂರದಲ್ಲಿ ಅವಳು ಮತ್ತೆ ಬಾಳಲೇ ಇಲ್ಲ. ಪ್ರತಿ ಸಲ ಅವಳ ಪಾಲನ್ನು ಅಜ್ಜಿ ಓಣಿಯ ಇನ್ನೊಂದು ಮನೆಯ ಮಗಳಿಗೆ ಕೊಟ್ಟು ಪದ್ಧತಿ ಉಳಿಸಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ ಅಕ್ಕನ ಪಾಲು ಮುಟ್ಟಿಲ್ಲ ಎಂದು ಲೆಕ್ಕ ಹಿಡಿದು, ಅರವತ್ತು ವರ್ಷ ಗಿಣ್ಣ ಬಾಯಿಗೆ ಹಾಕಿರಲಿಲ್ಲ.

ಇದನ್ನೆಲ್ಲ ಅವನು ಕೊಟ್ಟಿಗೆಯಲ್ಲಿ ನನಗೆ ಹೇಳಲು ಕಾರಣವಿತ್ತು. ಮನೆಯಲ್ಲಿ ಉಳಿದದ್ದು ಒಂದೇ ಆಕಳು, ಕಪ್ಪು-ಬಿಳಿ ಚುಕ್ಕೆಯ ಮುದಿ ದೇವಣಿ. ಅದು ಈಯುವುದರಲ್ಲಿತ್ತು, ಇದೇ ಅದರ ಕೊನೆಯ ಸೂಲು ಎಂದು ದನದ ಡಾಕ್ಟರು ಹೇಳಿದ್ದರು. ಸೋದರತ್ತೆಗೆ ಎಂಬತ್ತನಾಲ್ಕು, ಸೊಂಟ ಮುರಿದ ಮೇಲೆ ಊರಿಗೆ ಬರುವ ಹಾಗಿಲ್ಲ. ಅಷ್ಟರಲ್ಲಿ ಅಣ್ಣ ಮೊಬೈಲು ನೋಡುತ್ತ, ಬೀದರದಿಂದ ಬೆಂಗಳೂರಿಗೆ ಮತ್ತೆ ವಿಮಾನ ಶುರುವಾಗಿದೆ ಎಂದ.

"ಎಷ್ಟ ಹೊತ್ತ ಹಿಡೀತದ?" ಅಪ್ಪ ಕೇಳಿದ.

"ಆಕಾಶದಾಗ ಐದುನೂರ ಚಿಲ್ಲರ ಕಿಲೋಮೀಟರ್ ಅಂತಪ್ಪಾ. ಒಂದ ತಾಸ ಹತ್ತ ನಿಮಿಷ."

ಅಪ್ಪ ನನ್ನ ಕಡೆ ತಿರುಗಿದ. "ನೀ ಉದಗೀರದಿಂದ ಬರಲಾಕ ಮೂರು ತಾಸ ತಗೋತಿ. ಬೆಂಗಳೂರ ನಿನಗಿಂತ ಹತ್ರ ಆತಲ್ಲ."

ಆ ದಿನದಿಂದ ಒಂದು ತಾಸು ಹತ್ತು ನಿಮಿಷ ಅನ್ನುವುದು ಅಪ್ಪನ ಬಾಯಲ್ಲಿ ಕೂತುಬಿಟ್ಟಿತು. ಓಣಿಯವರಿಗೆ ಹೇಳಿದ, ಕಬ್ಬಿನ ಲಾರಿಯ ಡ್ರೈವರನಿಗೆ ಹೇಳಿದ, ಪಕ್ಕದ ಮುರುಮದಿಂದ ಹಿಂಡಿ ತಂದುಕೊಟ್ಟವನಿಗೂ ಹೇಳಿದ. ವಿಮಾನ ವಾರದಲ್ಲಿ ಎಲ್ಲ ದಿನ ಇರಲಿಲ್ಲ. ಹಾಗಾಗಿ ದಿನಾ ಸಂಜೆ ಆಕಳ ಕೊರಳ ಗಂಗೆದೊಗಲು ನೇವರಿಸುತ್ತ ಕೂತು ಅದಕ್ಕೂ ತಿಳಿಸಿ ಹೇಳುತ್ತಿದ್ದ. "ನಾಳಿ ವಿಮಾನ ಇಲ್ಲ ನೋಡವ್ವಾ. ನಾಡದ ಅದ. ಸ್ವಲ್ಪ ತಡಕೋ." ನಾನು ಒಂದು ವಾರ ಮೊದಲೇ ತವರಿಗೆ ಬಂದು ಕೂತಿದ್ದೆ, ಅಪ್ಪನನ್ನು ಒಬ್ಬನನ್ನೇ ಕಳಿಸುವ ಹಾಗಿರಲಿಲ್ಲ. ಆಕಳೊಂದು ಕಡೆ, ಅಪ್ಪ ಒಂದು ಕಡೆ, ಇಬ್ಬರ ಬಾಣಂತನ ನನಗೇ ಬಂದಂತಾಗಿತ್ತು. ಆಕಳು ಮಾತ್ರ ನಮ್ಮೆಲ್ಲರಿಗಿಂತ ತಿಳಿವಳಿಕೆಯದು. ವಿಮಾನ ಇರುವ ದಿನವೇ ನಸುಕಿನಲ್ಲಿ ಹೆಣ್ಣುಗರು ಹಾಕಿತು.

ಅಣ್ಣ ಎರಡು ಸೀಟು ಹಿಡಿದ. ಕರು ಕುಡಿದಮೇಲೆ ಕರೆದ ಹಾಲು ಅರಿಶಿನದ ಬಣ್ಣಕ್ಕಿತ್ತು. ಅಪ್ಪ ತಾನೇ ಕಿಟ್ಲಿ ತೊಳೆದು ತುಂಬಿ, ಮುಚ್ಚಳ ಬಿಗಿದು, ಒದ್ದೆ ಬಟ್ಟೆ ಸುತ್ತಿದ. ತಂಪಿಗೆ ಬರ್ಫಿನ ಗಡ್ಡೆ ಹಾಕೋಣ ಎಂದು ಅಣ್ಣ ಅಂದರೆ, "ಒಂದ ತಾಸ ಹತ್ತ ನಿಮಿಷಕ್ಕ ಬರ್ಫ್ ಯಾಕ ಬೇಕು" ಎಂದು ಬೈದ. ಕಾರು ಹೊರಡುವ ಮೊದಲು ಬೆಂಗಳೂರಿಗೆ ಫೋನು ಹಚ್ಚಿದ.

"ಅಕ್ಕಾ, ಹೊಂಟೀವಿ. ಬೆಲ್ಲ ಕುಟ್ಟಿ ಇಡು. ಒಂದ ತಾಸ ಹತ್ತ ನಿಮಿಷ, ಬಂದೆ."

ನಾನು ಕಾರಿನಲ್ಲಿ ಕೂತು ಅವನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ವಿಮಾನ ತುರೋರಿಯ ನಮ್ಮ ಬೇವಿನಕಟ್ಟೆಯಿಂದ ಎದ್ದು ಬೆಂಗಳೂರಿನಲ್ಲಿ ಅಕ್ಕನ ಅಂಗಳಕ್ಕೆ ಇಳಿಯುತ್ತದೆ ಎಂದೇ ಅವನು ಲೆಕ್ಕ ಹಾಕಿದ್ದ. ಬಸ್ಸೆಂದರೆ ನಮಗೆ ಹಾಗೆಯೇ ಅಲ್ಲವೇ, ಹೆದ್ದಾರಿಯಲ್ಲಿ ಕೈ ಮಾಡಿದಲ್ಲಿ ನಿಲ್ಲುತ್ತದೆ, ಹೇಳಿದಲ್ಲಿ ಇಳಿಸುತ್ತದೆ. ತಪ್ಪು ನನ್ನದೂ ಇತ್ತು. ಅವನ ಮಾತಿಗೆ ಇಷ್ಟು ದಿನ ನಕ್ಕೆನೇ ಹೊರತು ಒಮ್ಮೆಯೂ ಕೂಡಿಸಿ ಹೇಳಿರಲಿಲ್ಲ.

ಬಸವಕಲ್ಯಾಣದ ದಾರಿಯಲ್ಲಿ ಬೆರಳು ಮಡಚುತ್ತ ಕೂಡಿಸಿ ಹೇಳಿದೆ. ಬೀದರಕ್ಕೆ ಹೋಗಲು ಎರಡೂವರೆ ತಾಸು. ಅಲ್ಲಿ ಎರಡು ತಾಸು ಮೊದಲೇ ಹೋಗಿ ಕೂತಿರಬೇಕು. ವಿಮಾನ ಒಂದು ತಾಸು ಹತ್ತು ನಿಮಿಷ. ಇಳಿದು ಹೊರಗೆ ಬರಲು ಅರ್ಧ ತಾಸು.

"ಆಮ್ಯಾಲ ಅಲ್ಲಿಂದ ಅತ್ಯಾನ ಮನಿಗಿ ನಲವತ್ತ ಕಿಲೋಮೀಟರ್ ಅದಪ್ಪಾ."

"ಎಷ್ಟು?"

"ನಲವತ್ತರ ಮ್ಯಾಲೇ. ನಿಲಂಗಾಕ್ಕ ಹೋದಂಗ."

ಅಪ್ಪ ಕಿಟ್ಲಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಶಿವರಾತ್ರಿ ಮುಗಿದು ಬಿಸಿಲು ಏರಿದ್ದ ದಿನಗಳು ಅವು. ತೀರ ಸಣ್ಣ ದನಿಯಲ್ಲಿ, "ಅಕ್ಕ ಆಗ್ಲೇ ಕುಂತಿರ್ತಾಳ" ಎಂದ. ಕೊಟ್ಟಿಗೆಯಲ್ಲಿ ಬಂದಿದ್ದ ನನ್ನ ಸಿಟ್ಟೆಲ್ಲ ಆಗ ಇಳಿದುಹೋಯಿತು. ಬಸವಕಲ್ಯಾಣದಲ್ಲಿ ಕಬ್ಬಿನ ಹಾಲಿನ ಅಂಗಡಿಯವನ ಹತ್ತಿರ ಬರ್ಫಿನ ಗಡ್ಡೆ ಇಸಕೊಂಡು, ಚೀಲದಲ್ಲಿ ಕಿಟ್ಲಿಯ ಸುತ್ತ ತುಂಬಿದೆವು. ಅಪ್ಪ ಈ ಸಲ ಬೈಯಲಿಲ್ಲ. ಅಕ್ಕನಿಗೆ ಮತ್ತೆ ಫೋನು ಮಾಡಿ ತಡವಾಗುತ್ತದೆಂದು ಹೇಳು ಅಂದರೆ ಒಲ್ಲೆ ಎಂದ. ಆ ಮಾತು ಅವನ ಬಾಯಿಂದ ಬರುವಂತಿರಲಿಲ್ಲ. ನಾನೇ ಅವಳ ಮಗಳಿಗೆ ಫೋನು ಮಾಡಿ ಸಂಜೆ ಐದರ ಮೇಲಾಗುತ್ತದೆ ಎಂದೆ. "ಹೇಳಿದರೂ ಕೇಳ್ತಿಲ್ಲ, ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತುಬಿಟ್ಟಿದ್ದಾಳೆ" ಎಂದು ಅವಳು ತನ್ನ ಬೆಂಗಳೂರಿನ ಕನ್ನಡದಲ್ಲಿ ಹೇಳಿದಳು. ಅಪ್ಪನಿಗೆ ನಾನದನ್ನು ಮುಟ್ಟಿಸಲಿಲ್ಲ.

ಬೀದರದಲ್ಲಿ ಅಣ್ಣ ನಮ್ಮನ್ನು ಇಳಿಸಿ ತಿರುಗಿದ. ಕರಗಿದ ಬರ್ಫು ಸೋರುತ್ತಿದ್ದ ಚೀಲವನ್ನು ಹಾಗೇ ಒಳಗೆ ಒಯ್ಯುವಂತಿಲ್ಲ ಎಂದರು. ಉಳಿದ ಬರ್ಫನ್ನು ಹೊರಗೆ ಒಂದು ಗಿಡದ ಬುಡಕ್ಕೆ ನಾನು ಸುರಿಯುವಾಗ ಅಪ್ಪ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದ. ಒಳಗೆ ತಪಾಸಣೆಯ ಜಾಗದಲ್ಲಿ ಸಮವಸ್ತ್ರದ ಒಬ್ಬ ಅಧಿಕಾರಿ ಇದ್ದ, ಉತ್ತರದ ಕಡೆಯವನು. ಅಪ್ಪನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ನೋಡಿ ಸುಮ್ಮನಾದ. ಕಿಟ್ಲಿಗೆ ಮಾತ್ರ ಬೆರಳು ತೋರಿಸಿ, ಇದೇನು ಎಂದು ಹಿಂದಿಯಲ್ಲಿ ಕೇಳಿದ.

"ಗಾಯ್ ಕಾ ಪಹಿಲಾ ದೂಧ್ ಹೈ ಸಾಬ್" ಎಂದ ಅಪ್ಪ.

"ಖೀಸ?" ಅಧಿಕಾರಿಯ ಮುಖ ಅರಳಿತು. ಅವರ ಊರಲ್ಲಿ ಗಿಣ್ಣದ ಹಾಲಿಗೆ ಹಾಗೆನ್ನುತ್ತಾರಂತೆ, ಅವರ ಮನೆಯಲ್ಲೂ ಎಮ್ಮೆಗಳಿವೆಯಂತೆ. ಒಳಗೆ ಬಿಡುತ್ತೇನೆ, ಆದರೆ ನಿಯಮ ನಿಯಮವೇ, ಬಾಬಾ ಒಂದು ಗುಟುಕು ಕುಡಿದು ತೋರಿಸಲಿ ಎಂದ.

ಅಪ್ಪ ಕುಡಿಯುವುದಿಲ್ಲ ಎಂದ.

ಯಾಕೆ ಎಂದು ಅವನು ಕೇಳಿದ. ಅಪ್ಪ ತನ್ನ ನಿಜಾಮರ ಕಾಲದ ಹಿಂದಿಯಲ್ಲಿ ಅಕ್ಕ, ನಿಲಂಗಾ, ಎತ್ತು, ಬಸ್ಸು ಎಲ್ಲ ಹೇಳತೊಡಗಿದ. ಅಧಿಕಾರಿಗೆ ತಿಳಿದದ್ದು ಇಷ್ಟೇ, ಮುದುಕ ತಾನು ತಂದ ಹಾಲು ತಾನೇ ಕುಡಿಯಲು ಒಪ್ಪುತ್ತಿಲ್ಲ. ಅರಳಿದ್ದ ಮುಖ ಮುಚ್ಚಿಕೊಂಡಿತು. ಹಾಗಿದ್ದರೆ ಇದನ್ನು ಇಲ್ಲೇ ಬಿಟ್ಟು ಹೋಗಬೇಕು ಎಂದ. ನಮ್ಮ ಹಿಂದಿನ ಸಾಲು ಗೊಣಗುತ್ತಿತ್ತು.

"ಅಪ್ಪಾ, ಒಂದ ಗುಟುಕು. ಶಿವ ನೋಡ್ಕೋತಾನ" ಎಂದೆ.

"ಮನಿಯವರು ಬಾಯಿಗಿ ಹಚ್ಚಿದ ಮ್ಯಾಲ ಅದು ಅಕ್ಕನ ಪಾಲು ಹೆಂಗಾಗ್ತದವ್ವಾ" ಎಂದ. ಅರವತ್ತು ವರ್ಷ ಕಾದು, ಆಕಳಿಗೆ ದಿನ ಹೇಳಿ, ಕೊನೆಗೆ ಆ ಮೇಜಿನ ಮೇಲೆ ಎಲ್ಲ ಮುಗಿಯುವಂತೆ ಕಂಡಿತು. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ಹೇಳಲಾರೆ. ಆ ಸಿಟ್ಟಿನಲ್ಲೇ ಹೊಳೆಯಿತು. ಮನೆಯವರು ಕುಡಿಯುವಂತಿಲ್ಲ, ಸರಿ. ನಾನೆಲ್ಲಿ ಆ ಮನೆಯವಳು? ಮೂವತ್ತು ವರ್ಷದಿಂದ ನಾನು ಉದಗೀರದವಳು. ಕೊಟ್ಟ ಹೆಣ್ಣುಮಗಳು.

"ಅಪ್ಪಾ, ನನ್ನ ಪಾಲ ಇದರಾಗ ಅದನೋ ಇಲ್ಲೋ?"

ಅಪ್ಪ ನನ್ನನ್ನೇ ನೋಡಿದ. ನಿಧಾನವಾಗಿ ಕಿಟ್ಲಿ ಬಿಟ್ಟುಕೊಟ್ಟ. ನಾನು ಮುಚ್ಚಳದಲ್ಲಿ ಎರಡು ಚಮಚದಷ್ಟು ಹೊಯ್ದುಕೊಂಡು ಕುಡಿದೆ. ಹಸಿ ಗಿಣ್ಣದ ಹಾಲು ಕುಡಿಯುವ ವಸ್ತುವಲ್ಲ. ಅಂಟು, ಉಪ್ಪುಪ್ಪು, ಗಂಟಲಿಗೆ ಇಳಿಯಲೊಲ್ಲದು. ಆದರೆ ಹುಳಿ ಬಂದಿರಲಿಲ್ಲ. ಅಧಿಕಾರಿ ನಕ್ಕು ಕೈ ಬೀಸಿ ಬಿಟ್ಟ.

ವಿಮಾನ ಹೇಳಿದ ಹೊತ್ತಿಗೆ ಎದ್ದಿತು, ಹೇಳಿದಷ್ಟೇ ಹೊತ್ತು ಹಾರಿತು. ಅಪ್ಪನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಅವನು ಹೊರಗೆ ನೋಡಲಿಲ್ಲ, ಗಡಿಯಾರ ನೋಡಿದ. ಚಕ್ರ ನೆಲ ಮುಟ್ಟಿದಾಗ, "ಬರೋಬರ್ ಒಂದ ತಾಸ ಹತ್ತ ನಿಮಿಷ" ಎಂದು ನನಗೆ ತೋರಿಸಿದ. ಅಣ್ಣ ಸುಳ್ಳು ಹೇಳಿರಲಿಲ್ಲ ಎಂಬ ಸಮಾಧಾನ ಅವನದ್ದು.

ಆಮೇಲಿನ ನಲವತ್ತು ಕಿಲೋಮೀಟರಿಗೆ ಎರಡು ತಾಸಿಗಿಂತ ಹೆಚ್ಚು ಹಿಡಿಯಿತು. ಟ್ಯಾಕ್ಸಿ ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು. ಎದುರಿಗೂ ಹಿಂದಕ್ಕೂ ಕಾರುಗಳೇ. ಒಂದು ಸಿಗ್ನಲ್ಲಿನಲ್ಲಿ ಅಪ್ಪ ಮುಚ್ಚಳ ಎತ್ತಿ ಮೂಸಿದ. ನಾನೂ ಮೂಸಿದೆ. ಅವನು ಮುಚ್ಚಳ ಮತ್ತೆ ಬಿಗಿದ. ಡ್ರೈವರನನ್ನು ಅವನು ಎರಡು ಸಲ, "ಮಧ್ಯೆ ಎಲ್ಲೂ ಚಹಾಕ್ಕ ನಿಲ್ಲಂಗಿಲ್ಲಲ್ಲ?" ಎಂದು ಕೇಳಿದ. ಆ ಪುಣ್ಯಾತ್ಮ ಇಲ್ಲ ಸಾರ್ ಎಂದು ಎರಡೂ ಸಲ ಮರ್ಯಾದೆಯಿಂದ ಉತ್ತರ ಕೊಟ್ಟ. ಅಪ್ಪನ ಪಕ್ಕದಲ್ಲಿ ಕೂತು ನನಗೆ ಇಪ್ಪತ್ತರ ಆ ಹುಡುಗ ಮೊದಲ ಸಲ ಕಂಡ. ಅವನ ಮೇಲೆ ಬಹಳ ಪ್ರೀತಿ ಬಂತು.

ಸೋದರತ್ತೆ ನಿಜವಾಗಿಯೂ ಬಾಗಿಲಲ್ಲೇ ಇದ್ದಳು. ಬೆಳಿಗ್ಗೆಯಿಂದ ಅಲ್ಲಿಂದ ಎದ್ದಿಲ್ಲ, ಊಟವನ್ನೂ ಅಲ್ಲೇ ಮಾಡಿದಳು ಎಂದು ಮಗಳು ದೂರಿದಳು. ಅಪ್ಪ ಕಿಟ್ಲಿಯನ್ನು ಅಕ್ಕನ ಮಡಿಲಲ್ಲಿ ಇಟ್ಟ. ಅಕ್ಕ ತಮ್ಮ ಒಬ್ಬರನ್ನೊಬ್ಬರು ಆರು ವರ್ಷದಿಂದ ಕಂಡಿರಲಿಲ್ಲ. ಆದರೂ ಮೊದಲ ಮಾತು ಕುಶಲದ್ದಲ್ಲ.

"ಭಾಳ ಹೊತ್ತ ಮಾಡಿದ್ಯೋ ತಮ್ಯಾ. ಕಾಸಾರ ಶಿರಸ್ಯಾಗ ಬಸ್ ಇನ್ನೂ ನಿಂತದೇನು?"

ಅವಳಿಗೆ ಎಲ್ಲ ಗೊತ್ತಿತ್ತು. ಎತ್ತು, ಬೇವಿನಮರ, ಎಲ್ಲ. ಅವಳ ಮೈದುನನೊಬ್ಬ ಆ ದಿನ ಅಲ್ಲಿಯೇ ಇದ್ದನಂತೆ. ಅಪ್ಪ ತಲೆ ತಗ್ಗಿಸಿ ನಿಂತ.

ವಾಕರ್ ಹಿಡಿದು ಅವಳು ಅಡುಗೆಮನೆಗೆ ನಡೆದಳು. ಮಗಳು ಕೈ ಹಾಕಲು ಬಂದರೆ ಬಿಡಲಿಲ್ಲ. ಸ್ಟೂಲಿನ ಮೇಲೆ ಕೂತು, ಹಾಲಿಗೆ ಬೆಲ್ಲ ಕದಡಿ, ಏಲಕ್ಕಿ ಜಜ್ಜಿ ಹಾಕಿ, ಆವಿಯಲ್ಲಿ ಇಟ್ಟಳು. ಹಾಲು ಒಡೆಯುತ್ತದೋ ಕೂಡುತ್ತದೋ ಎಂದು ನಾವು ಮೂವರೂ ಪಾತ್ರೆಯ ಮುಚ್ಚಳವನ್ನೇ ನೋಡುತ್ತ ನಿಂತಿದ್ದೆವು. ತೆಗೆದಾಗ ಕೂಡಿತ್ತು. ಅಂಚಿನಲ್ಲಿ ಅಷ್ಟಿಷ್ಟು ನೀರು ಬಿಟ್ಟಿತ್ತು, ನಡುವೆ ಕಾಳುಕಾಳು. ಸೋದರತ್ತೆ ಬಟ್ಟಲಿಗೆ ಹಾಕಿಕೊಂಡು, ಚಮಚದಲ್ಲಿ ಒಂದಿಷ್ಟು ಎತ್ತಿ, ಹಣೆಗೆ ಮುಟ್ಟಿಸಿಕೊಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು.

"ಛಲೋ ಆಗೇದ."

ಅಪ್ಪ ತಟ್ಟನೆ ತಲೆ ಎತ್ತಿದ. ಅವಳ ಕೈಯಿಂದ ಚಮಚ ಇಸಕೊಂಡು, ಅದೇ ಬಟ್ಟಲಿಂದ ಒಂದು ತುತ್ತು ತಿಂದ. ಅಪ್ಪ ಗಿಣ್ಣ ತಿನ್ನುವುದನ್ನು ನನ್ನ ಜನ್ಮದಲ್ಲಿ ನಾನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ.

"ಹುಳಿ ಆಗೇದಕ್ಕಾ" ಎಂದ.

"ಗೊತ್ತದ. ನನಗ ನಾಲಿಗಿ ಇಲ್ಲೇನು?" ಸೋದರತ್ತೆ ಅವನ ಕೈ ಹಿಡಿದುಕೊಂಡಳು. "ಆವತ್ತೂ ಹುಳಿ ಹಾಲೇ ತಂದಿದ್ರ ನಾ ಛಲೋ ಆಗೇದಂತನ ಹೇಳ್ತಿದ್ದೆ. ನಾ ಹಾಲಿನ ದಾರಿ ಕಾದಿದ್ದಿಲ್ಲೋ ತಮ್ಯಾ. ನಿನ್ನ ದಾರಿ ಕಾದಿದ್ದೆ."

ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. ಅಳುವನ್ನು ಮುಚ್ಚಿಡಲಿಲ್ಲ. ಅವಳು ಬಟ್ಟಲು ಅವನ ಮುಂದೆ ಸರಿಸಿದಳು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ತಿನ್ನತೊಡಗಿದ. ಹುಳಿ ಗಿಣ್ಣ, ಮೊದಲು ಬಟ್ಟಲು, ಆಮೇಲೆ ಪಾತ್ರೆಯ ಅಂಚಿಗೆ ಅಂಟಿದ್ದು.

ಅಷ್ಟರಲ್ಲಿ ಅಣ್ಣನ ಫೋನು ಬಂತು. ಊರಲ್ಲಿ ಅವನೂ ಉಳಿದ ಹಾಲು ಕಾಯಿಸಿ, ತಿನ್ನದೆ ಕಾದು ಕೂತಿದ್ದ. ಅಪ್ಪ ಎಷ್ಟು ಹೊತ್ತಿಗೆ ಮುಟ್ಟಿದ ಎಂದು ಕೇಳಿದ. ಅಪ್ಪನ ಬಾಯಿ ತುಂಬಿತ್ತು, ಫೋನನ್ನು ಅಕ್ಕನ ಕೈಗೆ ಕೊಟ್ಟ.

"ಈಗ ಮುಟ್ಟ್ಯಾನ ನೋಡಪಾ" ಎಂದಳು ಸೋದರತ್ತೆ. "ನೀವೂ ತಿನ್ರಿ."